ಅಚಲೆಯ ಚಲನೆ

ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದ ವಾಚಕರಿಗೆ, ಭೂಮಿಯ ಪರ್ಯಾಯನಾಮಗಳಲ್ಲಿ ‘ಅಚಲಾ’ ಎಂಬುದೂ ‘ಸ್ಥಿರಾ’ ಎಂಬುದೂ ಸೇರಿರುವುದು ನೆನಪಿರಬಹುದು. ಅಲುಗದವಳು, ನೆಲೆಯಾಗಿ ನಿಂತವಳು ಎಂದು ಈ ಶಬ್ದಗಳ ಅರ್ಥ. ಪಾಯ ತೋಡುವ ಗೃಹಸ್ಥನೂ, ನೇಗಿಲನ್ನೂರುವ ಒಕ್ಕಲಿಗನೂ, ಗೋಡೆಯ ಆಸರೆಬಿಟ್ಟು ಮೊದಲ ಹೆಜ್ಜೆಯಿಡುವ ಮಗುವೂ ಈ ಎರಡು ಹೆಸರುಗಳನ್ನು ನಂಬಿಯೇ ನಡೆಯತಕ್ಕವರು. ಆದರೆ ಕೋಶಕಾರನು ಕೊಟ್ಟ ಹೆಸರಿಗೆ ಭೂಮಿಯು ಸರ್ವಕಾಲದಲ್ಲಿಯೂ ಕಟ್ಟುಬಿದ್ದಿಲ್ಲವೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು.

ಕ್ರಿಸ್ತಶಕ ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಭೂಕಂಪಲಕ್ಷಣಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಾಗಿಟ್ಟಿರುವನು. ತನ್ನ ಮಾತನ್ನು ಹೇಳುವುದಕ್ಕೆ ಮುಂಚೆ ಅನ್ಯರ ಮತಗಳನ್ನು ಸಾಲಾಗಿ ಎತ್ತಿಟ್ಟಿರುವ ಅವನ ಕ್ರಮವು ನಮಗೆ ಬಹಳ ಮೆಚ್ಚುಗೆಯಾದುದು. ಸಮುದ್ರಜಲದಲ್ಲಿರುವ ಮಹಾಪ್ರಾಣಿಗಳಿಂದ ನೆಲ ನಡುಗುವುದೆಂದು ಕೆಲವರು. ಭೂಭಾರವನ್ನು ಹೊತ್ತು ದಣಿದ ದಿಗ್ಗಜಗಳು ವಿಶ್ರಮಿಸಿಕೊಳ್ಳುವಾಗ ನಡುಗುವುದೆಂದು ಕೆಲವರು. ಗಾಳಿಗೆ ಗಾಳಿ ತಾಗಿ ನೆಲದ ಮೇಲೆ ಬೀಳುವುದರಿಂದೆಂದು ಇನ್ನು ಕೆಲವರು. ಅದೃಷ್ಟವೇ ಕಾರಣವೆಂದು ಮತ್ತೆ ಕೆಲವರು. ಬಳಿಕ ಅವನು ಒಂದು ಕಥೆಯನ್ನು ಹೇಳುವನು. ಪರ್ವತಗಳಿಗೆ ರೆಕ್ಕೆಗಳಿದ್ದ ಕಾಲದಲ್ಲಿ ಅವು ಹಾರಿ ಹಾರಿ ಬಂದು ಕೂರುತ್ತಿದ್ದುದನ್ನು ತಾಳಲಾರದೆ ಭೂದೇವಿಯು ಬ್ರಹ್ಮನಲ್ಲಿಗೆ ಹೋಗಿ, ನೀನಿಟ್ಟ ‘ಅಚಲೆ’ಯೆಂಬ ಹೆಸರನ್ನು ಈ ಚಲಿಸುವ ಬೆಟ್ಟಗಳು ಸುಳ್ಳುಮಾಡುತ್ತಿವೆಯೆಂದು ದೂರಿಟ್ಟಳಂತೆ. ಆಗ ಬ್ರಹ್ಮನಾಜ್ಞೆಯಂತೆ ಇಂದ್ರನು ವಜ್ರಾಯುಧದಿಂದ ಆ ರೆಕ್ಕೆಗಳನ್ನು ಕತ್ತರಿಸಿದನು. ಕಥೆ ಸೊಗಸಾದುದು, ಬೆಟ್ಟಗಳು ಚಲಿಸುವವೆಂಬ ಮಾತಂತೂ ಇಂದಿನ ಶಾಸ್ತ್ರಕ್ಕೆ ಹತ್ತಿರವಾದುದೆಂದು ತೋರುವುದುಂಟು. ಹಾಗೆಂದು ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಎದೆತಟ್ಟಿಕೊಳ್ಳುವುದು ನಮಗೆ ಸರಿತೋರದು. ಅವರು ಪ್ರಶ್ನೆಯನ್ನು ಕೇಳಿದರು. ಉತ್ತರವನ್ನು ಹುಡುಕಲು ಬೇಕಾದ ಯಂತ್ರಗಳು ಅವರಲ್ಲಿರಲಿಲ್ಲ. ಅಷ್ಟೇ.

ಆ ಯಂತ್ರಗಳ ಕಥೆಯಲ್ಲಿ ಭರತಖಂಡಕ್ಕೆ ದೊಡ್ಡ ಪಾಲುಂಟು. ೧೮೯೭ನೆಯ ಇಸವಿಯ ಜೂನ್ ೧೨ರಂದು ಅಸ್ಸಾಮಿನ ಶಿಲ್ಲಾಂಗ್ ಪ್ರಸ್ಥಭೂಮಿಯಲ್ಲಿ ಘೋರವಾದ ಭೂಕಂಪವಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಆರ್. ಡಿ. ಓಲ್ಡ್‌ಹ್ಯಾಂ ಎಂಬ ವಿದ್ವಾಂಸರು ಅದನ್ನು ಕುರಿತು ಬರೆದ ವರದಿಯು ಇಂದಿಗೂ ಪ್ರಮಾಣಗ್ರಂಥವೆನಿಸಿದೆ. ನೆಲದಲ್ಲಿ ಹುದುಗಿದ್ದ ಕಲ್ಲುಗಳು ಮೇಲಕ್ಕೆ ಚಿಮ್ಮಿ ಬಿದ್ದಿದ್ದುದನ್ನು ಅವರು ಗಮನಿಸಿದರು. ನೆಲವು ಕಲ್ಲನ್ನು ಚೆಂಡಿನಂತೆ ಎಸೆಯಬೇಕಾದರೆ, ಆ ಅಲುಗಾಟದ ವೇಗವೃದ್ಧಿಯು ಭೂಮಿಯ ಆಕರ್ಷಣಶಕ್ತಿಯನ್ನೇ ಮೀರಿರಬೇಕಲ್ಲವೇ? ಇನ್ನೊಂದು ಸಂಗತಿಯು ಇದಕ್ಕಿಂತ ಮುಖ್ಯವಾದುದು. ದೂರದ ಯುರೋಪಿನ ಯಂತ್ರಗಳು ಬರೆದುಕೊಂಡಿದ್ದ ಗೆರೆಗಳನ್ನು ಪರಿಶೀಲಿಸಿ, ಒಂದೇ ಭೂಕಂಪದಿಂದ ಮೂರು ಬಗೆಯ ಅಲೆಗಳು ಬೇರೆ ಬೇರೆ ವೇಗದಲ್ಲಿ ಹೊರಡುವುವೆಂದು ಅವರು ತೋರಿಸಿದರು. ಮೊದಲನೆಯದು ನೆಲವನ್ನು ಹಿಂದು ಮುಂದಾಗಿ ಒತ್ತಿ ಹಿಗ್ಗಿಸುತ್ತ ಬರುವ ಅಲೆ. ಗಟ್ಟಿಬಂಡೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು ೬ ಕಿಲೋಮೀಟರು. ಎರಡನೆಯದು ನೆಲವನ್ನು ಅಡ್ಡಡ್ಡವಾಗಿ ತೂಗುತ್ತ ಬರುವುದು. ಅದರ ವೇಗ ಮೂರೂವರೆ ಕಿಲೋಮೀಟರಿನಷ್ಟು. ಮೂರನೆಯದು ನೆಲದ ಮೇಲ್ಮೈಯನ್ನೇ ಹಿಡಿದು ಇನ್ನೂ ನಿಧಾನವಾಗಿ ಬರತಕ್ಕದ್ದು. ಮೊದಲು ಬಾಗಿಲ ಚಿಲಕ ಸದ್ದಾಗಿ, ಕೆಲವು ಕ್ಷಣಗಳ ಮೇಲೆ ಇಡೀ ಮನೆ ತೂಗಿತೆಂದು ಅನುಭವಸ್ಥರು ಹೇಳುವುದರ ಗುಟ್ಟು ಇದೇ. ಇದೇ ಅಲೆಗಳ ಸಹಾಯದಿಂದ ೧೯೦೬ರಲ್ಲಿ ಓಲ್ಡ್‌ಹ್ಯಾಂ ಅವರು ಭೂಮಿಯ ನಡುವೆ ಬೇರೊಂದು ತಿರುಳು ಉಂಟೆಂಬುದನ್ನೂ ಕಂಡುಹಿಡಿದರು.

ಅಲೆಗಳು ಏಳುವುದೇತರಿಂದ? ಭೂಮಿಯ ಹೊರಚಿಪ್ಪು ಒಂದೇ ಅಖಂಡ ತಗಡಲ್ಲ. ಹಲವು ಫಲಕಗಳಾಗಿ ಒಡೆದಿರುವುದು. ನಾವು ನಿಂತಿರುವ ಭಾರತಫಲಕವು ವರ್ಷಕ್ಕೆ ಸುಮಾರು ೫ ಸೆಂಟಿಮೀಟರಿನಂತೆ ಉತ್ತರದ ಕಡೆಗೆ ಸರಿಯುತ್ತ ಏಷ್ಯಾ ಖಂಡದ ಬುಡಕ್ಕೆ ಒತ್ತರಿಸುತ್ತಿದೆ. ಆ ಒತ್ತಡದಿಂದಲೇ ಹಿಮಾಲಯವು ಎದ್ದುದು. ಆ ಒತ್ತಡದಿಂದಲೇ ಬಂಡೆಯೊಳಗಿನ ಹಳೆಯ ಬಿರುಕುಗಳ ಎರಡು ಪಕ್ಕಗಳು ಒಂದರ ಮೇಲೊಂದು ಜಾರಲು ಹವಣಿಸುವುದು. ಇಂತಹ ಬಿರುಕನ್ನೇ ಶಾಸ್ತ್ರಜ್ಞರು ಸ್ತರಭಂಗವೆಂದು ಕರೆಯುವರು. ಪಕ್ಕಗಳು ನುಣುಪಾಗಿದ್ದರೆ ಸದ್ದಿಲ್ಲದೆ ಜಾರಿಹೋಗುತ್ತಿದ್ದವು. ಆದರೆ ಅವು ಒರಟಾಗಿ ಒಂದಕ್ಕೊಂದು ಕಚ್ಚಿಕೊಂಡಿರುವುವು. ಹಸಿ ಬಿದಿರನ್ನು ಮೊಣಕಾಲಿಗೆ ಕೊಟ್ಟು ಬಗ್ಗಿಸುತ್ತ ಹೋದರೆ ಬಹಳ ಹೊತ್ತು ಏನೂ ಆಗದು. ಬಳಿಕ ಒಮ್ಮೆಗೇ ಫಟ್ಟೆಂದು ಸೀಳಿ ಕೈ ಜುಮ್ಮೆನ್ನುವುದು. ನೂರಾರು ವರ್ಷ ಬಗ್ಗಿದ ಬಂಡೆಯು ಕ್ಷಣಾರ್ಧದಲ್ಲಿ ಜಾರಿ ನೆಟ್ಟಗಾಗುವಾಗ ಬಿಡುಗಡೆಯಾಗುವ ಶಕ್ತಿಯೇ ಭೂಕಂಪ. ೧೯೦೬ರಲ್ಲಿ ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರವು ಹಾಳಾದಾಗ, ಹೊಲದ ಬೇಲಿಗಳು ನಡುವೆ ಕಡಿದು ಮೀಟರುಗಟ್ಟಲೆ ಪಕ್ಕಕ್ಕೆ ಸರಿದಿದ್ದುವು. ಹಿಂದಿನ ಭೂಮಾಪನಗಳನ್ನೂ ಆಮೇಲಿನ ಅಳತೆಗಳನ್ನೂ ಹೋಲಿಸಿ ಎಚ್. ಎಫ್. ರೀಡ್ ಎಂಬವರು ೧೯೧೦ರಲ್ಲಿ ಈ ಸಿದ್ಧಾಂತವನ್ನು ಮಂಡಿಸಿದರು.

ಅದು ಅಳತೆಯಿಂದ ಊಹಿಸಿದ ಮಾತಾಯಿತು. ಈಚೆಗೆ ಕಣ್ಣಿಗೇ ಕಾಣುವ ಸಾಕ್ಷ್ಯವೊಂದು ದೊರೆತಿದೆ. ೨೦೨೫ರ ಮಾರ್ಚಿ ೨೮ರಂದು ಬರ್ಮಾ ದೇಶದಲ್ಲಿ, ಅಂದರೆ ಈಗಿನ ಮ್ಯಾನ್ಮಾರಿನಲ್ಲಿ, ಸಗಾಯಿಂಗ್ ಎಂಬ ಸ್ತರಭಂಗವು ೪೦೦ ಕಿಲೋಮೀಟರಿಗೂ ಮಿಕ್ಕಿ ಉದ್ದಕ್ಕೆ ಹರಿಯಿತು. ಪರಿಮಾಣ ೭.೭, ಸತ್ತವರ ಸಂಖ್ಯೆ ೩,೫೦೦ಕ್ಕೂ ಹೆಚ್ಚು. ಆ ಬಿರುಕಿನ ಪಕ್ಕದಲ್ಲಿಯೇ ಇದ್ದ ಸೌರವಿದ್ಯುತ್ ಕೇಂದ್ರವೊಂದರ ಕಾವಲು ಕ್ಯಾಮೆರಾ ತನ್ನೆದುರಿನ ನೆಲವು ಸೀಳಿ, ಅತ್ತಕಡೆಯ ಭೂಮಿಯೆಲ್ಲವೂ ಒಂದೇ ಪಟ್ಟಿಗೆ ಸರಿದುಹೋದುದನ್ನು ಚಿತ್ರಿಸಿಕೊಂಡಿತು. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಸಂಶೋಧಕರು ಆ ಚಿತ್ರದ ತುಣುಕುಗಳನ್ನು ಒಂದೊಂದಾಗಿ ಅಳೆದು, ನೆಲವು ೧.೩ ಸೆಕೆಂಡಿನಲ್ಲಿ ಎರಡೂವರೆ ಮೀಟರು ಜಾರಿತೆಂದು ಲೆಕ್ಕಮಾಡಿದರು. ಒಂದು ಉಸಿರೆಳೆಯುವಷ್ಟರಲ್ಲಿ ಒಂದು ಹೊಲ ಒಂದು ಮಾರುದ್ದಕ್ಕೂ ಹೆಚ್ಚಾಗಿ ಸರಿಯಿತು! ಸ್ತರಭಂಗವು ಹರಿಯುವುದನ್ನು ಮಾನವನು ಇಷ್ಟು ಸ್ಪಷ್ಟವಾಗಿ ಕಂಡುದು ಇದೇ ಮೊದಲು.

ಹಿಮಾಲಯವೂ ಬರ್ಮಾದೇಶವೂ ಹಾಗಿರಲಿ. ಫಲಕದ ಅಂಚಿನಿಂದ ದೂರವಾಗಿರುವ ನಮ್ಮ ದಕ್ಷಿಣಾಪಥಕ್ಕೆ ಇದರಿಂದ ಏನೆಂದು ಕೆಲವರು ಕೇಳಬಹುದು. ನಾವು ಪಾಠಶಾಲೆಯಲ್ಲಿ ಕೆಲಸಕ್ಕೆ ಸೇರಿದ ಕಾಲದ ಭೂಗೋಳ ಪುಸ್ತಕಗಳು ದಖ್ಖನ್ ಪ್ರಸ್ಥಭೂಮಿಯನ್ನು ಸ್ಥಿರವಾದ ಪುರಾತನ ಶಿಲಾಪೀಠವೆಂದೇ ವರ್ಣಿಸುತ್ತಿದ್ದುವು. ಪುರಾತನವೆಂಬುದು ನಿಜ. ಸ್ಥಿರವೆಂಬುದಕ್ಕೆ ಎರಡು ಸಾರಿ ಭಾರಿಯಾದ ಪೆಟ್ಟು ಬಿದ್ದಿದೆ.

ಮೊದಲನೆಯದು ಕೊಯ್ನಾ. ಕೊಯ್ನೆಯು ನಮ್ಮ ಕೃಷ್ಣೆಯ ಉಪನದಿ. ಕರಾಡದಲ್ಲಿ ಅವಳನ್ನು ಕೂಡುವುದು. ಅದಕ್ಕೆ ಸಹ್ಯಾದ್ರಿಯ ನಡುವೆ ೧೦೩ ಮೀಟರು ಎತ್ತರದ ಅಣೆಕಟ್ಟನ್ನು ಕಟ್ಟಿ, ೧೯೬೨ರ ಸುಮಾರಿಗೆ ನೀರು ನಿಲ್ಲಿಸಿದರು. ನೀರು ನಿಂತ ಸ್ವಲ್ಪಕಾಲದಲ್ಲಿಯೇ ಸುತ್ತಲಿನ ಹಳ್ಳಿಗಳಲ್ಲಿ ಸಣ್ಣ ಸಣ್ಣ ನಡುಕಗಳು ತೊಡಗಿದುವು. ೧೯೬೭ರ ಡಿಸೆಂಬರ್ ೧೧ರ ಬೆಳಗಿನ ಜಾವದಲ್ಲಿ ೬.೩ ಪರಿಮಾಣದ ಭೂಕಂಪವಾಗಿ ಇನ್ನೂರರ ಹತ್ತಿರ ಜನ ಮಡಿದರು. ಜಲಾಶಯದಿಂದ ಪ್ರಚೋದಿತವಾದ ಭೂಕಂಪಗಳಲ್ಲಿ ಇದಕ್ಕಿಂತ ದೊಡ್ಡದೆಂದು ವಿದ್ವಾಂಸರು ಒಪ್ಪಿದುದು ಪ್ರಪಂಚದಲ್ಲಿಯೇ ಇನ್ನೊಂದಿಲ್ಲ. ಅಣೆಕಟ್ಟು ಭೂಕಂಪದ ಶಕ್ತಿಯನ್ನು ಹುಟ್ಟಿಸಿತೆಂದು ಭಾವಿಸತಕ್ಕದ್ದಲ್ಲ. ಬಂಡೆಯಲ್ಲಿ ಬಿಗಿತವು ಮೊದಲೇ ಇದ್ದಿತು. ನೀರಿನ ಭಾರವೂ, ಬಿರುಕುಗಳೊಳಕ್ಕೆ ಇಳಿದ ನೀರಿನ ಒತ್ತಡವೂ ಸೇರಿ ಕಚ್ಚಿಕೊಂಡಿದ್ದ ಪಕ್ಕಗಳ ಹಿಡಿತವನ್ನು ಸಡಿಲಿಸಿದುವು. ತೊಟ್ಟು ಕಳಚುವ ಸ್ಥಿತಿಯಲ್ಲಿದ್ದ ಹಣ್ಣಿಗೆ ಕೋಲು ತಾಗಿದಂತಾಯಿತು. ಅಂದಿನಿಂದ ೫ಕ್ಕೆ ಮೇಲ್ಪಟ್ಟ ಪರಿಮಾಣದ ಇಪ್ಪತ್ತಕ್ಕೂ ಹೆಚ್ಚು ಭೂಕಂಪಗಳು ಆ ಪ್ರದೇಶದಲ್ಲಿ ಆಗಿವೆ. ಆಶ್ಚರ್ಯವೆಂದರೆ ಎಲ್ಲವೂ ಹೆಚ್ಚುಕಡಮೆ ೩೦ ಕಿಲೋಮೀಟರು ಉದ್ದ, ೨೦ ಕಿಲೋಮೀಟರು ಅಗಲದ ಒಂದೇ ಕ್ಷೇತ್ರದಲ್ಲಿ. ರೋಗವು ಒಂದೇ ಕಡೆ ನೆಲಸಿದ್ದರೆ ವೈದ್ಯನಿಗೆ ಪರೀಕ್ಷೆ ಸುಲಭವಷ್ಟೆ. ಆದಕಾರಣ ಭಾರತ ಸರ್ಕಾರದ ಭೂವಿಜ್ಞಾನ ಖಾತೆಯವರು ಕರಾಡದಲ್ಲಿ ಒಂದು ಸಂಶೋಧನಾಲಯವನ್ನು ಸ್ಥಾಪಿಸಿ, ಗೋಠಣೆ ಎಂಬಲ್ಲಿ ೩ ಕಿಲೋಮೀಟರು ಆಳದವರೆಗೆ ಬಂಡೆಯನ್ನು ಕೊರೆಸಿದರು. ೨೦೧೭ರಲ್ಲಿ ಮುಗಿದ ಆ ರಂಧ್ರವು ಭೂಕಂಪವು ಹುಟ್ಟುವ ಮನೆಯ ಹೊಸ್ತಿಲಿಗೆ ದೀಪ ಹಿಡಿದಂತಿದೆ.

ಎರಡನೆಯದು ಕಿಲ್ಲಾರಿ. ಇದನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಕಿಲ್ಲಾರಿಯು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಗ್ರಾಮ. ನಮ್ಮ ಬಸವಕಲ್ಯಾಣದಿಂದ ನೇರವಾಗಿ ಅಳೆದರೆ ೫೦ ಕಿಲೋಮೀಟರೂ ಆಗದು. ೧೯೯೨ರ ಮಳೆಗಾಲದಿಂದ ಅಲ್ಲಿ ಮೇಲಿಂದ ಮೇಲೆ ಸಣ್ಣ ನಡುಕಗಳು ಬಂದು, ಆ ಅಕ್ಟೋಬರಿನಲ್ಲಿ ೪ರಷ್ಟು ಪರಿಮಾಣದ್ದೂ ಒಂದಾಗಿ, ಬಳಿಕ ಎಲ್ಲವೂ ತಣ್ಣಗಾದುವು. ೧೯೯೩ರ ಸೆಪ್ಟೆಂಬರ್ ೩೦ರಂದು, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದು ಮಲಗಿದ್ದ ಜನರ ಮೇಲೆ, ಬೆಳಗಿನ ಜಾವ ನಾಲ್ಕು ಗಂಟೆಗೆ ನಾಲ್ಕು ನಿಮಿಷವಿರುವಾಗ, ಮನೆಗಳು ಕುಸಿದುವು. ಪರಿಮಾಣ ೬.೨. ಸತ್ತವರು ಸುಮಾರು ೮,೦೦೦ದಿಂದ ೧೦,೦೦೦. ಬೀದರ, ಕಲಬುರಗಿ ಜಿಲ್ಲೆಗಳಲ್ಲಿಯೂ ಜನರು ಎದ್ದು ಬೀದಿಗೆ ಓಡಿಬಂದರು.

ಆ ಸ್ಥಳದಲ್ಲಿ ಸ್ತರಭಂಗವುಂಟೆಂದು ಅದಕ್ಕೆ ಮೊದಲು ಯಾವ ನಕಾಶೆಯಲ್ಲಿಯೂ ಗುರುತಾಗಿರಲಿಲ್ಲ. ಅಗ್ನಿಶಿಲೆಯ ಪದರವು ಅಲ್ಲಿ ೩೦೦ ಮೀಟರಿಗೂ ಹೆಚ್ಚು ದಪ್ಪವಾಗಿ ಹಾಸಿಕೊಂಡು, ಕೆಳಗಿನ ಪುರಾತನ ಬಂಡೆಯ ಗಾಯವನ್ನು ಕಂಬಳಿಯಂತೆ ಮರೆಮಾಡಿತ್ತು. ಭಾರತಫಲಕವು ಉತ್ತರದಲ್ಲಿ ತಡೆಗೊಂಡಿರುವುದರಿಂದ ಅದರ ಒತ್ತಡವು ಒಳನಾಡಿಗೂ ಹಿಂದಿರುಗಿ ಬರುವುದು. ಒಳಗೆ ದುರ್ಬಲವಾದ ಕೀಲು ಎಲ್ಲಿದೆಯೋ ಅಲ್ಲಿ ಸಾವಿರಾರು ವರ್ಷಗಳಿಗೊಮ್ಮೆ ಜಾರುವುದು. ಈ ಭೂಕಂಪದ ತರುವಾಯ, ೨೦೦೨ರಲ್ಲಿ, ದೇಶದ ಭೂಕಂಪವಲಯಗಳ ನಕಾಶೆಯನ್ನೇ ತಿದ್ದಿ, ಅತ್ಯಂತ ನಿರ್ಭಯವೆನಿಸಿದ್ದ ಒಂದನೆಯ ವಲಯವನ್ನು ಅಳಿಸಿ ಎರಡನೆಯದರೊಡನೆ ಸೇರಿಸಿದರು. ಆ ನಕಾಶೆಯಲ್ಲಿ ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ, ವಿಜಯಪುರಗಳು ಮೂರನೆಯ ವಲಯದಲ್ಲಿಯೂ ಬೆಂಗಳೂರು, ಮೈಸೂರು, ರಾಯಚೂರುಗಳು ಎರಡನೆಯದರಲ್ಲಿಯೂ ಬಂದುವು. ಭಯವೇ ಇಲ್ಲದ ವಲಯವೆಂಬುದು ಉಳಿಯಲಿಲ್ಲ. ೨೦೨೧ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನರು ಮೇಲಿಂದ ಮೇಲೆ ಬಂದ ನಡುಕಗಳಿಗೆ ಅಂಜಿ ಮನೆಯ ಹೊರಗೆ ಮಲಗಿದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಅವು ೪ರ ಆಚೀಚಿನ ಪರಿಮಾಣದ ಚಿಕ್ಕವು. ಆದರೆ ಕಿಲ್ಲಾರಿಯ ನೆರೆಯವರಿಗೆ ಅವು ಚಿಕ್ಕವೆಂದು ಹೇಳಿ ಒಪ್ಪಿಸುವುದು ಹೇಗೆ?

ಇಲ್ಲಿ ನಾವು ಒಂದು ಹೋಲಿಕೆಯನ್ನು ಮಾಡಬಯಸುತ್ತೇವೆ. ೧೯೮೯ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಪ್ರಿಯೇಟಾ ಎಂಬಲ್ಲಿ ೬.೯ ಪರಿಮಾಣದ ಭೂಕಂಪವಾಯಿತು. ಪರಿಮಾಣವು ಒಂದಂಕಿ ಏರಿದರೆ ಶಕ್ತಿಯು ಸುಮಾರು ೩೨ ಮಡಿ ಏರುವುದು. ಆ ಲೆಕ್ಕದಲ್ಲಿ ಅದು ಕಿಲ್ಲಾರಿಯದಕ್ಕಿಂತ ಹನ್ನೊಂದು ಮಡಿ ಬಲವಾದುದು. ಸುತ್ತಲೂ ಲಕ್ಷಾಂತರ ಜನರಿದ್ದ ಆ ನಾಡಿನಲ್ಲಿ ಸತ್ತವರು ೬೩. ಹೆಚ್ಚು ನಡುಗಿದ ನೆಲವು ಕಡಮೆ ಕೊಂದಿತು. ಹಾಗಾದರೆ ಕಿಲ್ಲಾರಿಯಲ್ಲಿ ಕೊಂದುದು ಯಾವುದು? ನಿಸ್ಸಂಶಯವಾಗಿ ಮನೆಯ ಗೋಡೆ. ಆ ಸೀಮೆಯಲ್ಲಿ ದುಂಡುಗಲ್ಲುಗಳನ್ನು ಮಣ್ಣಿನ ಕೆಸರಿನಲ್ಲಿ ಪೇರಿಸಿ ಎರಡೆರಡು ಅಡಿ, ಕೆಲವೆಡೆ ಅದಕ್ಕೂ ಹೆಚ್ಚು ದಪ್ಪದ ಗೋಡೆಗಳನ್ನೇಳಿಸಿ, ತೊಲೆ ಜಂತೆಗಳ ಮೇಲೆ ಮಣ್ಣಿನ ಮಾಳಿಗೆಯನ್ನು ಹಾಕುವುದು ವಾಡಿಕೆ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ. ವರ್ಷವರ್ಷವೂ ಸೋರುವಿಕೆಯನ್ನು ತಡೆಯಲು ಮತ್ತಷ್ಟು ಮಣ್ಣು ಬೀಳುತ್ತ ಮಾಳಿಗೆಯ ಭಾರವು ಏರುತ್ತಲೇ ಹೋಗುವುದು. ಅಂತಹ ಗೋಡೆಯು ಹೊರಗೊಂದು ಒಳಗೊಂದು ಎಂದು ಎರಡು ಸಿಪ್ಪೆಗಳಾಗಿ ನಿಂತಿದ್ದು ನಡುವೆ ಪುಡಿಗಲ್ಲು ತುಂಬಿರುತ್ತದೆ. ನೆಲವು ಅಡ್ಡ ತೂಗಿದೊಡನೆ ಸಿಪ್ಪೆಗಳು ಒಂದನ್ನೊಂದು ಬಿಟ್ಟು ಹೊಟ್ಟೆ ಉಬ್ಬಿ ಬೀಳುವುವು. ಮಾಳಿಗೆಯ ಮಣ್ಣು ಮಲಗಿದವರ ಮೇಲೆ ಇಳಿಯುವುದು. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಇಂತಹವೇ ಮನೆಗಳಿವೆಯೆಂಬುದನ್ನು ನಾವು ಹೇಳಬೇಕಾದುದಿಲ್ಲ.

ಇನ್ನು ನೆಲದ ಜಾತಿಯ ವಿಚಾರ. ದೇವಸ್ಥಾನದಲ್ಲಿ ನಗಾರಿಗೆ ಬೀಳುವ ಪೆಟ್ಟು ಒಂದೇ. ಆದರೂ ಅದು ಮುಖಮಂಟಪದಲ್ಲಿ ಒಂದು ಬಗೆಯಾಗಿಯೂ ಬಯಲಿನಲ್ಲಿ ಒಂದು ಬಗೆಯಾಗಿಯೂ ಕೇಳಿಸುವುದು. ಭೂಕಂಪದ ಪರಿಮಾಣವು ಆ ಪೆಟ್ಟಿನಂತೆ ಒಂದೇ ಸಂಖ್ಯೆ. ತೀವ್ರತೆಯು ನಿಂತ ಸ್ಥಳಕ್ಕೆ ತಕ್ಕಂತೆ ಬೇರೆ. ೧೯೮೫ರ ಸೆಪ್ಟೆಂಬರ್ ೧೯ರಂದು ಮೆಕ್ಸಿಕೋ ದೇಶದ ಕರಾವಳಿಯಲ್ಲಾದ ಭೂಕಂಪವು, ೩೫೦ ಕಿಲೋಮೀಟರಿಗೂ ಆಚೆಯಿದ್ದ ರಾಜಧಾನಿಯಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಆ ನಗರದ ಬಹುಭಾಗವು ಹಿಂದಿನ ಸರೋವರದ ಮೆತ್ತನೆಯ ಜೇಡಿಯ ಮೇಲೆ ನಿಂತಿರುವುದು. ಜೇಡಿಯು ಬಟ್ಟಲಿನೊಳಗಿನ ಗಿಣ್ಣಿನಂತೆ ಎರಡೆರಡು ಸೆಕೆಂಡಿಗೊಮ್ಮೆ ತೂಗಿತು. ಅದೇ ತಾಳಕ್ಕೆ ತೂಗತಕ್ಕ ಎತ್ತರದ ಕಟ್ಟಡಗಳು, ಎಂದರೆ ಆರರಿಂದ ಹದಿನೈದು ಅಂತಸ್ತಿನವು, ಹುಡುಕಿ ಹುಡುಕಿ ಬಿದ್ದಂತೆ ಬಿದ್ದುವು. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ನೂಕಿದರೆ ಮಗುವಿನ ಕೈಯಲ್ಲೂ ಎತ್ತರಕ್ಕೆ ಏರುವುದಲ್ಲವೇ? ೨೦೦೧ರ ಜನವರಿ ೨೬ರಂದು ಕಚ್ಛದ ಭುಜದ ಬಳಿ ಆದ ೭.೭ ಪರಿಮಾಣದ ಭೂಕಂಪದಲ್ಲಿಯೂ, ೨೦೦ ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ೭೦೦ಕ್ಕೂ ಹೆಚ್ಚು ಜನರು ಸತ್ತರು. ಸಾಬರಮತಿಯ ಮೆಕ್ಕಲುಮಣ್ಣು ಅಲುಗಾಟವನ್ನು ಹೆಚ್ಚಿಸಿತು. ಮೋಟಾರುಗಳನ್ನು ನಿಲ್ಲಿಸಲು ಕೆಳ ಅಂತಸ್ತಿಗೆ ಗೋಡೆಯನ್ನೇ ಕಟ್ಟದೆ ಬರಿಯ ಕಂಬಗಳ ಮೇಲೆ ನಿಲ್ಲಿಸಿದ್ದ ಮಹಡಿಮನೆಗಳು ಮೊಣಕಾಲು ಮುರಿದ ಆನೆಗಳಂತೆ ಕುಳಿತುವು. ನಮ್ಮ ಊರುಗಳಲ್ಲಿ ದಿನೇ ದಿನೇ ಏಳುತ್ತಿರುವ ಕಟ್ಟಡಗಳ ಕೆಳಗಡೆಯನ್ನು ವಾಚಕರು ಒಮ್ಮೆ ಬಗ್ಗಿ ನೋಡಬಹುದು.

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯಲ್ಲಿ. ಹೀಗೆ ತುಂಬಿಸಿದ ಕೆರೆಗಳು ಇನ್ನೂ ಎಷ್ಟೋ ಇವೆ. ಮೆಕ್ಸಿಕೋದ ಜೇಡಿಯಷ್ಟು ಆಳವು ನಮ್ಮ ಕೆರೆಗಳ ಹೂಳಿಗಿಲ್ಲ, ಅಷ್ಟು ಬಲವಾದ ಭೂಕಂಪದ ನಿರೀಕ್ಷೆಯೂ ಇಲ್ಲ. ಆದಕಾರಣ ಸುಮ್ಮನೆ ಗಾಬರಿಗೊಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಬೆಂಗಳೂರಿನ ಮಣ್ಣನ್ನು ಬಡಾವಣೆ ಬಡಾವಣೆಯಾಗಿ ಪರೀಕ್ಷಿಸಿ, ಎಲ್ಲಿ ಅಲುಗಾಟ ಹೆಚ್ಚಾದೀತೆಂದು ಗುರುತಿಸಿರುವಾಗ, ನಿವೇಶನ ಕೊಳ್ಳುವ ಗೃಹಸ್ಥನು ದಿಕ್ಕನ್ನೂ ಆಯವನ್ನೂ ವಿಚಾರಿಸುವಂತೆಯೇ ಅಲ್ಲಿ ಹಿಂದೆ ಏನಿತ್ತೆಂಬುದನ್ನೂ ವಿಚಾರಿಸುವುದು ಲೇಸಲ್ಲವೇ?

ನೆಲವು ಹೆಚ್ಚು ತೂಗುವುದಷ್ಟೇ ಅಲ್ಲ, ಕೆಲವೆಡೆ ನೀರಾಗಿಯೂ ಬಿಡುವುದು. ೧೯೩೪ರ ಮಕರ ಸಂಕ್ರಾಂತಿಯ ಹೊತ್ತಿನಲ್ಲಿ, ಜನವರಿ ೧೫ರಂದು, ಬಿಹಾರ ನೇಪಾಳಗಳಲ್ಲಾದ ಮಹಾಭೂಕಂಪದಲ್ಲಿ ೧೦,೦೦೦ಕ್ಕೂ ಹೆಚ್ಚು ಜನರು ಸತ್ತರು. ಉತ್ತರ ಬಿಹಾರದಲ್ಲಿ ಸುಮಾರು ೩೦೦ ಕಿಲೋಮೀಟರು ಉದ್ದದ ಪಟ್ಟಿಯಲ್ಲಿ, ನೀರುಂಡ ಮರಳುಮಣ್ಣು ಅಲುಗಾಟಕ್ಕೆ ಅಂಬಲಿಯಂತಾಗಿ, ಮನೆಗಳು ಒಂದು ಪಕ್ಕಕ್ಕೆ ಮುಳುಗಿದುವು. ನೆಲದಿಂದ ಮರಳು ಬುಗ್ಗೆಯಾಗಿ ಎದ್ದು ಬಾವಿಗಳನ್ನೂ ಹೊಲಗಳನ್ನೂ ಮುಚ್ಚಿತು. ಆಗ ಮಹಾತ್ಮಾ ಗಾಂಧಿಯವರು ಇದು ಅಸ್ಪೃಶ್ಯತೆಯ ಪಾಪಕ್ಕೆ ದೈವವು ವಿಧಿಸಿದ ಶಿಕ್ಷೆಯೆಂದರು. ರವೀಂದ್ರನಾಥ ಠಾಕೂರರು, ಪ್ರಕೃತಿಯ ವ್ಯಾಪಾರಕ್ಕೆ ಇಂತಹ ಕಾರಣವನ್ನು ಹೇಳುವುದು ಯುಕ್ತವಲ್ಲವೆಂದು ಪ್ರತಿಭಟಿಸಿದರು. ಆ ಫೆಬ್ರವರಿಯಲ್ಲಿ ಗಾಂಧಿಯವರು ಆ ಪ್ರತಿಭಟನೆಯನ್ನು ತಮ್ಮ ಹರಿಜನ ಪತ್ರಿಕೆಯಲ್ಲಿಯೇ ಅಚ್ಚುಹಾಕಿ ಉತ್ತರ ಕೊಟ್ಟರು. ಅಸ್ಪೃಶ್ಯತೆಯು ಪಾಪವೆಂಬುದರಲ್ಲಿ ಇಬ್ಬರಿಗೂ ಭೇದವಿರಲಿಲ್ಲ, ನಮಗೂ ಇಲ್ಲ; ಆದರೆ ಭೂಕಂಪದ ವಿಷಯದಲ್ಲಿ ನಾವು ಠಾಕೂರರ ಪಕ್ಷ. ಸತ್ತವರ ಮೇಲೆ ಪಾಪವನ್ನು ಹೊರಿಸಿದರೆ, ಅವರ ಗೋಡೆಯನ್ನು ಪರೀಕ್ಷಿಸುವ ಕೆಲಸವು ಹಿಂದುಳಿದುಹೋಗುವುದು.

ಮುಂಚಿತವಾಗಿ ತಿಳಿಯುವ ಉಪಾಯವುಂಟೇ ಎಂದು ಎಲ್ಲರೂ ಕೇಳುವರು. ಇಂತಹ ದಿನ ಇಂತಹ ಊರಿನಲ್ಲಿ ಎಂದು ಹೇಳಬಲ್ಲ ಶಾಸ್ತ್ರವು ಇಂದಿಗೂ ಇಲ್ಲ. ಚೀನಾದೇಶದವರು ೧೯೭೫ರ ಫೆಬ್ರವರಿಯಲ್ಲಿ ಹೈಚೆಂಗ್ ನಗರದ ಜನರನ್ನು ಮುನ್ನಡುಕಗಳನ್ನು ಕಂಡು ಹೊರಗೆ ಕಳುಹಿಸಿ ಬಹುಮಂದಿಯ ಪ್ರಾಣವುಳಿಸಿದರು, ಲೋಕವೆಲ್ಲ ಕೊಂಡಾಡಿತು. ಮರುವರ್ಷ ಜುಲೈ ೨೮ರಂದು ಟಾಂಗ್‌ಶಾನ್ ನಗರದಲ್ಲಿ ಯಾವ ಸೂಚನೆಯೂ ಇಲ್ಲದೆ ೨,೪೦,೦೦೦ಕ್ಕೂ ಹೆಚ್ಚು ಜನರು ಮಡಿದರು. ಪಂಚಾಂಗವನ್ನೋ ಗ್ರಹಕೂಟವನ್ನೋ ತೋರಿಸಿ ದಿನ ಹೇಳುವವರ ಮಾತನ್ನು ವಾಚಕರು ಕಿವಿಗೆ ಹಾಕಿಕೊಳ್ಳದಿರುವುದು ಉತ್ತಮ. ಸಾಧ್ಯವಾಗಿರುವುದು ಬೇರೊಂದು. ಮೇಲೆ ಹೇಳಿದ ಮೊದಲನೆಯ ಅಲೆಯು ವೇಗವಾದುದು, ಎರಡನೆಯದು ನಾಶಕವಾದುದು. ೧೫೦ ಕಿಲೋಮೀಟರು ದೂರದ ಊರಿಗೆ ಒಂದು ೨೫ ಸೆಕೆಂಡಿನಲ್ಲಿಯೂ ಇನ್ನೊಂದು ೪೩ ಸೆಕೆಂಡಿನಲ್ಲಿಯೂ ಮುಟ್ಟುವುವು. ಕೇಂದ್ರದ ಹತ್ತಿರದ ಯಂತ್ರವು ಮೊದಲನೆಯದನ್ನು ಗ್ರಹಿಸಿ ವಿದ್ಯುತ್ತಿನ ವೇಗದಲ್ಲಿ ಸುದ್ದಿ ಕಳುಹಿಸಿದರೆ ದೂರದವರಿಗೆ ಅರ್ಧನಿಮಿಷದಷ್ಟು ಬಿಡುವು ದೊರೆಯುವುದು. ಮೆಕ್ಸಿಕೋದಲ್ಲಿ ೧೯೯೧ರಿಂದಲೂ ಜಪಾನಿನಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ೨೦೦೭ರಿಂದಲೂ ಈ ಏರ್ಪಾಡಿದೆ. ರೈಲು ನಿಲ್ಲಿಸಲು, ಒಲೆ ಆರಿಸಲು, ಮೇಜಿನ ಕೆಳಗೆ ಸೇರಲು ಅಷ್ಟು ಸಾಕು. ಗೋಡೆಯನ್ನು ಭದ್ರಪಡಿಸಲು ಸಾಲದು.

ಗೋಡೆಯ ಭದ್ರತೆಯೇನೂ ಐಶ್ವರ್ಯವಂತರಿಗೆ ಮೀಸಲಾದ ವಿದ್ಯೆಯಲ್ಲ. ಕಚ್ಛದ ಬಡವರ ‘ಭುಂಗಾ’ ಎಂಬ ದುಂಡನೆಯ ಮಣ್ಣಿನ ಗುಡಿಸಲುಗಳು ೨೦೦೧ರಲ್ಲಿ ಬಹುಮಟ್ಟಿಗೆ ನಿಂತುಕೊಂಡುವು. ಮೂಲೆಯಿಲ್ಲದ ಗೋಡೆಗೆ ಸೀಳುವ ಮೂಲೆ ಎಲ್ಲಿಯದು? ಕಾಶ್ಮೀರದವರು ಗೋಡೆಯೊಳಗೆ ಮರದ ಚೌಕಟ್ಟುಗಳನ್ನು ಹೆಣೆದು ನಡುವೆ ಇಟ್ಟಿಗೆ ತುಂಬುವರು. ಅವೂ ಬಗ್ಗುವುವೇ ಹೊರತು ಬೀಳುವುದಿಲ್ಲ. ನಮ್ಮ ಸೀಮೆಯ ಕಲ್ಲಿನ ಮನೆಗೆ ಎಂಜಿನಿಯರರು ಹೇಳುವ ಕ್ರಮ ಇದು: ಗೋಡೆಯ ಎರಡು ಸಿಪ್ಪೆಗಳನ್ನು ಹಿಡಿದಿಡಲು, ಈ ಮುಖದಿಂದ ಆ ಮುಖಕ್ಕೆ ಹಾಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಡುವುದು, ಪಾಯದ ಮಟ್ಟದಲ್ಲಿಯೂ, ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿಯೂ, ಮಾಳಿಗೆಯ ಕೆಳಗೂ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಪಟ್ಟಿಯನ್ನು ನಾಲ್ಕು ಗೋಡೆಗಳನ್ನೂ ಸುತ್ತಿ ಬರುವಂತೆ ಕಟ್ಟುವುದು. ಪೀಪಾಯಿಗೆ ಬಳೆ ತೊಡಿಸಿದಂತೆ ಅದು ಮೂಲೆಗಳನ್ನು ಬಿಗಿಹಿಡಿಯುವುದು. ಮೂರರಲ್ಲಿ ಒಂದನ್ನೇ ಹಾಕುವ ಶಕ್ತಿಯಿದ್ದರೆ ಬಾಗಿಲ ನೆತ್ತಿಯದನ್ನು ಬಿಡತಕ್ಕದ್ದಲ್ಲ. ಮಣ್ಣಿನ ಮಾಳಿಗೆಯಿದ್ದವರು ಸೋರುವಿಕೆಗೆ ಮಣ್ಣಿನ ಮೇಲೆ ಮಣ್ಣು ಹೇರುವುದನ್ನು ನಿಲ್ಲಿಸಿ, ಹಳೆಯ ಪದರವನ್ನು ಇಳಿಸಿಯೇ ಹೊಸದನ್ನು ಹಾಕಬೇಕು. ಕಿಲ್ಲಾರಿಯ ಸುತ್ತ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆಡೆಗೆ ಎಬ್ಬಿಸಿ ಹೊಸದಾಗಿ ಕಟ್ಟಿದಾಗ ಇಂತಹ ಪಟ್ಟಿಗಳನ್ನು ಕೊಟ್ಟರು. ಹಳೆಯ ಮನೆಗಳಿಗೂ ಹೊರಗಿನಿಂದ ಇಂತಹ ಕಟ್ಟನ್ನು ಹಾಕಬಹುದೆಂದು ಅಲ್ಲಿಯೇ ಮಾಡಿ ತೋರಿಸಿದರು.

ಕಟ್ಟಿ ಮುಗಿದ ಮನೆಯಲ್ಲಿರುವವರಿಗೆ ಈ ವಾರದಲ್ಲಿಯೇ ಮಾಡಬಹುದಾದ ಕೆಲಸಗಳೂ ಉಂಟು. ಅಟ್ಟದ ಮೇಲಿನ ಹಿತ್ತಾಳೆಯ ಹಂಡೆ ಕೊಪ್ಪರಿಗೆಗಳನ್ನು ಕೆಳಗಿಳಿಸುವುದು. ತಲೆದಿಂಬಿನ ಮೇಲ್ಗಡೆ ಗೋಡೆಗೆ ತೂಗುಹಾಕಿದ ಭಾರವಾದ ಪಟಗಳನ್ನು ಎದುರು ಗೋಡೆಗೆ ಸ್ಥಳಾಂತರಿಸುವುದು. ಕಬ್ಬಿಣದ ಬೀರುವನ್ನು ಮೇಲ್ಭಾಗದಲ್ಲಿ ಎರಡು ಪಟ್ಟಿಗಳಿಂದ ಗೋಡೆಗೆ ಬಿಗಿಯುವುದು. ರಾತ್ರಿ ಮಲಗುವಾಗ ಅನಿಲದ ಸಿಲಿಂಡರಿನ ಕೀಲನ್ನು ತಿರುಗಿಸಿ ಮುಚ್ಚುವುದು. ಹೊರಬಾಗಿಲಿನ ಬೀಗದ ಕೈಯನ್ನು ಕತ್ತಲೆಯಲ್ಲಿಯೂ ಎಲ್ಲರ ಕೈಗೆ ಸಿಕ್ಕುವ ಒಂದೇ ಮೊಳೆಗೆ ತೂಗುಹಾಕುವುದು.